ಬೂಟು ಬಿಚ್ಚಿದ ಇನ್‌ಸ್ಪೆಕ್ಟರು

ನಮ್ಮ ವ್ಯಾನಿನ ತಪಾಸಣೆಗೆ ಬಂದ ಸಾರಿಗೆ ಇನ್‌ಸ್ಪೆಕ್ಟರು ಮೆಟ್ಟಿಲ ಬಳಿ ಬಗ್ಗಿ ಬೂಟಿನ ಲೇಸು ಬಿಚ್ಚತೊಡಗಿದರು. ಒಳಗೆ ಮಂಚದ ಮೇಲೆ ಮಲಗಿದ್ದ ನನ್ನ ಅತ್ತೆಗೆ ನಗು ಬಂತು.

“ಬೂಟ್ ಯಾಕ ಬಿಚ್ಚಾಕತ್ತೀರಿ ಸಾಹೇಬ್ರ? ಗಾಡಿ ಐತಿ, ಹಂಗ ಬರ್ರಿ.”

“ಒಲಿಮ್ಯಾಲ ಅನ್ನ ಕುದಿಯಾಕತ್ತೈತಿ. ಬೂಟ್ ಹಾಕ್ಕೊಂಡು ಹೆಂಗ ಬರ್ಲಿ ಯವ್ವಾ?”

ಪಾರ್ಶ್ವವಾಯು ಬಡಿದ ಅತ್ತೆಗೆ ಕೂತು ಪ್ರಯಾಣ ಮಾಡಲಾಗದು. ತುರ್ವಿಹಾಳದ ತಂಗಿಯನ್ನು, ಪಾಮನಕಲ್ಲೂರಿನ ಮಗಳನ್ನು ನೋಡದೆ ಇರಲೂ ಆಗದು. ಅದಕ್ಕೇ ನನ್ನ ಗಂಡ ಅನುಮತಿ ಪಡೆದು ಹಳೆಯ ವ್ಯಾನಿನೊಳಗೆ ಮಂಚ, ಒಲೆ ಕೂಡಿಸಿದ್ದರು. ತೆರಿಗೆಯ ದಾಖಲೆಯಲ್ಲಿ ಮಾತ್ರ ಅದು ಬಾಡಿಗೆಗೆ ಓಡುವ ಗಾಡಿಯಾಗಿಯೇ ಉಳಿದಿತ್ತು. ಆ ತೆರಿಗೆ ನಮ್ಮ ಕೈಮೀರಿದ್ದು. ತಪ್ಪು ಸರಿಹೋಗದಿದ್ದರೆ ವ್ಯಾನು ಮಾರುವುದೊಂದೇ ದಾರಿ. ‘ಇದು ಬಾಡಿಗೆ ಗಾಡಿಯಲ್ಲ, ನಮ್ಮ ಮನೆ’ ಎಂದು ಅರ್ಜಿ ಬರೆದವಳು ನಾನೇ. ಅಂದು ಬೆಳಿಗ್ಗೆ ಸಿಂಧನೂರಿನಿಂದ ಹೊರಟು ಬಂದು ಸಾರಿಗೆ ಕಚೇರಿಯ ಮುಂದೆ ಕಾಯುತ್ತಾ ಮಧ್ಯಾಹ್ನವಾಗಿ, ಅತ್ತೆಗೆಂದು ಅನ್ನಕ್ಕಿಟ್ಟಿದ್ದೆ.

ಇನ್‌ಸ್ಪೆಕ್ಟರು ಬರಿಗಾಲಲ್ಲಿ ಒಳಬಂದು ಅಳತೆ ಹಿಡಿದರು, ಫೋಟೊ ತೆಗೆದರು. ಅತ್ತೆ ನಗು ನಿಲ್ಲಿಸಿ ನನ್ನ ಕಾಲು ನೋಡಿದರು. ಒಲೆಯ ಮುಂದೆ ನಾನು ಚಪ್ಪಲಿ ಹಾಕಿಕೊಂಡೇ ನಿಂತಿದ್ದೆ.

ಕೆಲವು ದಿನಗಳಲ್ಲಿ ದಾಖಲೆ ಸರಿಯಾಯಿತು. ಅಂದಿನಿಂದ ನಾನೂ ಚಪ್ಪಲಿ ಕೆಳಗೆ ಬಿಟ್ಟೇ ವ್ಯಾನು ಹತ್ತುತ್ತೇನೆ. ಮೊನ್ನೆ ಮಸ್ಕಿಯಲ್ಲಿ ಹಾಗೆ ಬಿಟ್ಟ ಚಪ್ಪಲಿ ನೆನಪಾದದ್ದು, ಲಿಂಗಸುಗೂರಿನಲ್ಲಿ ಇಳಿಯಲು ಕಾಲು ಚಾಚಿದಾಗ.