ಕುಡುಕನ ಟೊಪ್ಪಿಯ ಜಗ್ಗು

ಶಾಲೆಯ ಅಡುಗೆಮನೆ ಕೆಲಸದಿಂದ ನಿವೃತ್ತರಾದ ಮೇಲೆ ಮುರಿಯಲ್ ಬಂಟಿಂಗ್ ನಮ್ಮೂರಿನ ವಾಚನಾಲಯದ ಮಾಳಿಗೆಯಲ್ಲಿರುವ ಪುಟ್ಟ ಸಂಗ್ರಹಾಲಯವನ್ನು ನೋಡಿಕೊಳ್ಳುತ್ತಿದ್ದರು. ಧೂಳು ಒರೆಸುವುದು, ಹಳೆಯ ಪಾತ್ರೆಗಳನ್ನು ತೊಳೆಯುವುದು, ಯಾವುದು ಎಲ್ಲಿ ತಯಾರಾಯಿತೆಂದು ಚೀಟಿ ಬರೆದಿಡುವುದು ಅವರ ಕೆಲಸ. ಚೀಟಿ ಬರೆಯುವಾಗ ಮಾತ್ರ ಅವರಿಗೆ ತಪ್ಪಾದೀತೆಂಬ ಅಳುಕು. ಬರೆದ ಮೇಲೂ ಎರಡು ಸಲ ಮೆಟ್ಟಿಲು ಹತ್ತಿ ಬಂದು ಓದಿ ನೋಡುತ್ತಿದ್ದರು.

ವಿಕ್ಟೋರಿಯಾ ರಾಣಿಯ ಕಾಲದಲ್ಲಿ ನಮ್ಮ ಡರ್ಬಿಶೈರ್ ಕಣಿವೆಯಲ್ಲಿ ಎರಡು ಕುಂಬಾರಿಕೆ ಕಾರ್ಖಾನೆಗಳಿದ್ದವು. ಹೊಳೆಯ ಈಚೆ ಲೋಗೇಟ್, ಗುಡ್ಡದ ಆಚೆ ಹ್ಯಾಗ್. ಎರಡೂ ಕಡೆ ಒಂದೇ ಬಗೆಯ ಕಂದು ಜಗ್ಗು: ಕಲ್ಲಿನಂತೆ ಗಟ್ಟಿ, ಆವಿಗೆಯಲ್ಲಿ ಉಪ್ಪೆರಚಿ ಸುಟ್ಟದ್ದರಿಂದ ಕಿತ್ತಳೆ ಸಿಪ್ಪೆಯಂಥ ಮೈ, ಅದರ ಮೇಲೆ ಅಚ್ಚಿನಲ್ಲಿ ಒತ್ತಿ ಅಂಟಿಸಿದ ಬೇಟೆನಾಯಿ, ಗಾಳಿಗಿರಣಿ, ಪೀಪಾಯಿಯ ಮೇಲೆ ಕೂತ ಕುಡುಕ, ಹೀಗೆ ಮಣ್ಣಿನ ಉಬ್ಬುಚಿತ್ರಗಳು. ಯಾರೂ ತಳಕ್ಕೆ ಹೆಸರು ಒತ್ತುತ್ತಿರಲಿಲ್ಲ. ಆದರೆ ಲೋಗೇಟಿನವರು ಹ್ಯಾಗಿನವರ ಜೊತೆ ಒಂದೇ ಪಬ್ಬಿನಲ್ಲಿ ಕೂತವರಲ್ಲ.

ಆ ವಸಂತದಲ್ಲಿ ಯಾರದೋ ಮನೆ ಖಾಲಿ ಮಾಡುವಾಗ ಅಂಥದ್ದೊಂದು ಜಗ್ಗು ಸಂಗ್ರಹಾಲಯಕ್ಕೆ ಬಂತು. ಕುಡುಕನ ಟೊಪ್ಪಿಯ ಅಂಚು ಒಂದು ಕಡೆ ಮುಕ್ಕಾಗಿತ್ತು. ಲೋಗೇಟಿನ ಹಳೆ ಜಗ್ಗುಗಳಲ್ಲೂ ಅದೇ ಮುಕ್ಕು. ಒಂದೇ ಅಚ್ಚು ಎಂದುಕೊಂಡು ಮುರಿಯಲ್ 'ಲೋಗೇಟ್' ಎಂದು ಬರೆದು, ಎನೋಕ್ ಗ್ರಾಟನ್ ಅವರಿಗೆ ಹೇಳಿ ಕಳಿಸಿದರು. ಎನೋಕ್‌ಗೆ ಎಂಬತ್ತು ದಾಟಿತ್ತು. ಅವರ ತಾತ ಲೋಗೇಟಿನಲ್ಲಿ ಜಗ್ಗಿಗೆ ಚಿತ್ರ ಅಂಟಿಸುತ್ತಿದ್ದವರು. ಶನಿವಾರ ನೋಡಲು ಬರುತ್ತೇನೆಂದು ಎನೋಕ್ ಊರಿಗೆಲ್ಲ ಹೇಳಿಕೊಂಡರು.

ಶುಕ್ರವಾರ ಜಗ್ಗು ತೊಳೆಯುವಾಗ ಮುರಿಯಲ್ ಅವರ ಬೆರಳು ಹಿಡಿಯ ಕೆಳತುದಿಗೆ ತಾಗಿ ನಿಂತಿತು. ಲೋಗೇಟಿನಲ್ಲಿ ಹಿಡಿ ಕೂರಿಸುವವನು ತುದಿಯನ್ನು ಹೆಬ್ಬೆರಳಿನಿಂದ ಚಪ್ಪಟೆಯಾಗಿ ಒತ್ತುತ್ತಿದ್ದ. ಹ್ಯಾಗಿನಲ್ಲಿ ಇಲಿಬಾಲದಂತೆ ಮೇಲಕ್ಕೆ ಸುರುಳಿ ಮಾಡುತ್ತಿದ್ದರು. ಇಲ್ಲಿ ಸುರುಳಿಯಿತ್ತು.

ಕೈ ಒರೆಸಿಕೊಂಡು ಇನ್ನೊಮ್ಮೆ ಮುಟ್ಟಿದರು. ಸುರುಳಿಯೇ. ಲೋಗೇಟ್ ಮುಚ್ಚಿದಾಗ ಅದರ ಅಚ್ಚುಗಳು ಗುಡ್ಡ ದಾಟಿ ಹ್ಯಾಗಿಗೆ ಹೋಗಿರಬೇಕು. ಅಚ್ಚು ಮಾರಿಹೋಗುತ್ತದೆ, ಕೈಯ ಚಾಳಿ ಮಾರಿಹೋಗುವುದಿಲ್ಲ. ಇಷ್ಟು ಗೊತ್ತಿದ್ದೂ ಮೊದಲು ಹಿಡಿ ನೋಡದೆ ಚಿತ್ರವನ್ನು ನಂಬಿದ್ದರು. ಸುಮ್ಮನಿದ್ದರೆ ಯಾರಿಗೂ ತಿಳಿಯದು. ಹೇಳಿದರೆ ಮುದುಕನ ಮುಖ ಹೇಗಾದೀತು?

ಮರುದಿನ ಬೆಳಿಗ್ಗೆ ಎನೋಕ್ ಕೋಟು ಹಾಕಿ, ಗಡ್ಡ ಬೋಳಿಸಿಕೊಂಡು, ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು. ಅವರು ಕೂರುವ ಮೊದಲೇ ಮುರಿಯಲ್, "ಗ್ರಾಟನ್ ಅವ್ರೇ, ನಾನು ತಪ್ಪು ಬರ್ದಿದ್ದೆ. ಇದು ಹ್ಯಾಗಿಂದು," ಎಂದುಬಿಟ್ಟು, ಹಿಡಿಯ ತುದಿ ತೋರಿಸಿದರು.

ಎನೋಕ್ ಬಗ್ಗಿ ನೋಡಿದರು. ಸುರುಳಿಯನ್ನು ಮುಟ್ಟಲಿಲ್ಲ. ಅವರ ಬೆರಳು ಕುಡುಕನ ಟೊಪ್ಪಿಯ ಮೇಲಿತ್ತು.

"ನಮ್ಮ ತಾತ ಕೊನೇಲಿ ಅಲ್ಲಿಗೇ ಹೋದ, ಕಣಮ್ಮ," ಎಂದರು. "ಹೊಟ್ಟೆಪಾಡು. ಅಚ್ಚುಗಳನ್ನ ಕೈಗಾಡೀಲಿ ತಳ್ಕೊಂಡು ಹೋದವನೂ ಅವನೇ ಅಂತೆ. ಮನೇಲಿ ಯಾರೂ ಬಾಯಿ ಬಿಡ್ತಿರ್ಲಿಲ್ಲ. ನಾನೂ ಇವತ್ತೇ ಹೇಳ್ತಿರೋದು."

ಮುರಿಯಲ್‌ಗೆ ಇದರಿಂದ ನಿರಾಳವಾಗಲಿಲ್ಲ. ಏಕೆಂದರೆ ಎನೋಕ್ ಮುಂದೆ ಕೇಳುವುದು ಏನೆಂದು ಅವರಿಗೆ ಗೊತ್ತಾಗಿತ್ತು. ಹಾಗಿದ್ದರೆ ಈ ನಾಯಿ, ಈ ಕುಡುಕ ತಾತನ ಕೈಯಿಂದಲೇ ಅಂಟಿದ್ದಲ್ಲವೇ, ಚೀಟಿಯಲ್ಲಿ ಅವನ ಹೆಸರು ಹಾಕಬಾರದೇ ಎಂದು ಎನೋಕ್ ಕೇಳಿಯೇ ಕೇಳಿದರು.

"ಇರಬಹುದು. ಆದ್ರೆ ಗೊತ್ತಿಲ್ಲ," ಎಂದರು ಮುರಿಯಲ್. "ಗೊತ್ತಿಲ್ದೇ ಇರೋದನ್ನ ಇನ್ನೊಂದ್ಸಲ ಬರೆಯಲ್ಲ."

"ಶಾಲೇಲೂ ನೀನು ಹಿಂಗೇ. ಎರಡನೇ ಸಲ ಪುಡಿಂಗ್ ಕೇಳಿದ್ರೆ ನನ್ನ ಮಗನಿಗೆ ಹಾಕ್ತಿರ್ಲಿಲ್ಲ," ಎಂದು ಎನೋಕ್ ಗೊಣಗಿದರು.

ಮುರಿಯಲ್ ಹೊಸ ಚೀಟಿ ಬರೆದರು: 'ಹ್ಯಾಗ್ ಕಾರ್ಖಾನೆ. ಚಿತ್ರಗಳು ಲೋಗೇಟಿನ ಅಚ್ಚಿನವು ಇರಬಹುದು.' ಎನೋಕ್ ಅದನ್ನು ಕಣ್ಣಿನ ಹತ್ತಿರ ಹಿಡಿದು ಓದಿದರು. ಸುರುಳಿ ಕಾಣದಂತೆ ಹಿಡಿಯನ್ನು ಗೋಡೆಯ ಕಡೆಗಾದರೂ ತಿರುಗಿಸಿಡು ಎಂದರು. ಅದಕ್ಕೂ ಮುರಿಯಲ್ ಒಪ್ಪಲಿಲ್ಲ. ಎನೋಕ್ ಕೋಟಿನ ಗುಂಡಿ ಹಾಕಿಕೊಂಡು ಬಾಗಿಲವರೆಗೆ ಹೋದರು. ಮತ್ತೆ ಬಂದು ಜಗ್ಗಿನ ಎದುರಿದ್ದ ಕುರ್ಚಿಯಲ್ಲಿ ಕೂತು, ಚಹಾ ಇದೆಯೇ ಎಂದು ಕೇಳಿದರು.