ಬ್ರೆಡ್ಡು ಸಿಗದೆ ಹೋದವರು

ನನ್ನ ತಂಗಿ ಮದುವೆಯಾದಾಗಿನಿಂದ ಬಟ್ಟೆ ಕಾರ್ಖಾನೆಯಲ್ಲಿ ಗುಂಡಿ ಹೊಲಿದವಳು. ಕಾರ್ಖಾನೆ ಬಾಗಿಲು ಹಾಕಿದಾಗ ಅವಳಿಗೆ ನಲವತ್ತರ ಹತ್ತಿರ. ಬೇರೆ ಹೊಲಿಗೆ ಕೆಲಸ ಹುಡುಕುತ್ತಾಳೆ ಎಂದುಕೊಂಡರೆ, ಗ್ರಂಥಾಲಯದ ಮಹಡಿಯಲ್ಲಿ ನಡೆಯುವ ಸಂಜೆ ತರಗತಿಗೆ ಸೇರಿಕೊಂಡಳು. ಡೇಟಾ ಸೈನ್ಸ್ ಅಂತೆ. ಹಳೆಯ ಅಂಕಿಅಂಶಗಳನ್ನು ಕಂಪ್ಯೂಟರಿಗೆ ಉಣಿಸಿ ಮುಂದೇನಾಗಬಹುದೆಂದು ಅಂದಾಜು ಮಾಡುವ ವಿದ್ಯೆ.

"ಭವಿಷ್ಯ ಹೇಳೋ ಕೆಲಸ ಅನ್ನು" ಎಂದೆ.

"ಭವಿಷ್ಯ ಹೇಳೋರು ತಪ್ಪಿದ್ರೆ ಒಪ್ಪಲ್ಲ ಅಣ್ಣ. ನಾವು ಎಷ್ಟು ತಪ್ಪಿದ್ವಿ ಅಂತ ನಾವೇ ತೋರಿಸ್ಬೇಕು."

ಮೊದಮೊದಲು ಕಂಡರಿಯದ ಊರಿನ ಮನೆಗಳ ಬೆಲೆ ಊಹಿಸುತ್ತಿದ್ದಳು. ಆಮೇಲೆ ಬಾಡಿಗೆ ಸೈಕಲ್ಲು ದಿನಕ್ಕೆಷ್ಟು ಹೋಗುತ್ತವೆಂದು. ಕೊನೆಯ ಪ್ರಾಜೆಕ್ಟು ಮಾತ್ರ ತನಗೆ ಗೊತ್ತಿರುವ ಜಾಗದ್ದೇ ಆಗಬೇಕಿತ್ತು. ಅದು ಪಾಸಾದರೆ ಆಸ್ಪತ್ರೆಯ ಔಷಧಿ ಉಗ್ರಾಣದ ಕೆಲಸಕ್ಕೆ ಅವಳ ಹೆಸರು ಕಳಿಸುತ್ತೇನೆಂದು ಪಾಠ ಹೇಳುವ ಮೇಡಂ ಹೇಳಿದ್ದರು. ಇಲ್ಲದಿದ್ದರೆ ಮತ್ತೆ ಸೂಜಿ ದಾರ. ಅವಳ ಕುತ್ತಿಗೆ ನೋವು ಕಣ್ಣಾರೆ ಕಂಡವನು ನಾನು. ನನ್ನ ಬೇಕರಿಯ ಮಾರಾಟದ ಅಂಕಿಗಳನ್ನು ಅವಳಿಗೆ ಕೊಟ್ಟುಬಿಟ್ಟೆ.

ನಾಳೆಗೆ ಇಷ್ಟು ಬ್ರೆಡ್ಡು ಸಾಕು ಎಂದು ಸಂಜೆಯೇ ಹೇಳುವಳು. ನಾನು ಅಷ್ಟಕ್ಕೇ ಹಿಟ್ಟು ಕಲಸುವೆ. ಮೊದಲ ವಾರ ಒಂದೂ ಉಳಿಯಲಿಲ್ಲ; ಅವಳಿಗೆ ಹಿಗ್ಗೋ ಹಿಗ್ಗು. ಮುಂದಿನ ವಾರ ಅವಳ ಅಂಕಿ ಇಳಿಯಿತು, ಅದರಾಚೆಗೆ ಇನ್ನೂ ಇಳಿಯಿತು. ಜನ ಕೆಲಸಕ್ಕೆ ಹೊರಡುವ ಹೊತ್ತಿಗೇ ಕಪಾಟು ಬರಿದು. ನನ್ನ ತಲೆ ಒಲೆಗಿಂತ ಬಿಸಿಯಾಯಿತು.

"ನನ್ನ ಅಂಗಡಿಗೆ ಬೀಗ ಹಾಕಿಸೋವರೆಗೂ ನಿನ್ನ ಕಂಪ್ಯೂಟರಿಗೆ ಸಮಾಧಾನ ಇಲ್ಲ. ಎತ್ಕೊಂಡು ಹೋಗು ಅದನ್ನ."

"ಒಂದೂ ಉಳೀಲಿಲ್ಲವಲ್ಲ ಅಣ್ಣ, ಲೆಕ್ಕ ಸರಿಯಾಗೇ ಇದೆ."

"ಸರಿಯಾಗಿದ್ರೆ ತಲೆ ಮೇಲಿಟ್ಕೊಂಡು ಕುಣಿ" ಎಂದು ಒಳಗೆ ಹೋದೆ.

ತಿರುಗಿ ಬಂದಾಗ ಅವಳು ಗಲ್ಲಾದ ಪಕ್ಕ ನಿಂತಿದ್ದಳು. ಬ್ರೆಡ್ಡು ಕೇಳಿ ಬರಿಗೈಯಲ್ಲಿ ಹೋಗುವ ಒಬ್ಬೊಬ್ಬರಿಗೂ ಒಂದೊಂದು ಗುಂಡಿಯನ್ನು ಗಾಜಿನ ಲೋಟಕ್ಕೆ ಹಾಕುತ್ತಿದ್ದಳು. ಅವಳ ಚೀಲದಲ್ಲಿ ಗುಂಡಿಗಳಿಗೆ ಯಾವತ್ತೂ ಬರವಿಲ್ಲ. ಮಧ್ಯಾಹ್ನದೊಳಗೆ ಲೋಟ ತುಂಬಿತು.

"ಅಣ್ಣ, ನಾನು ಮಾರಿದ್ದನ್ನ ಮಾತ್ರ ಎಣಿಸಿದೆ. ಬೇಕು ಅಂತ ಬಂದೋರನ್ನ ಎಣಿಸಲೇ ಇಲ್ಲ. ಬ್ರೆಡ್ಡು ಮುಗಿದ್ರೆ ಗಿರಾಕಿಗಳೂ ಮುಗಿದ್ರು ಅಂತ ಕಂಪ್ಯೂಟರು ತಿಳ್ಕೊಂಡಿದೆ. ಅದಕ್ಕೇ ಮಾರನೇ ದಿನಕ್ಕೆ ಇನ್ನೂ ಕಮ್ಮಿ ಹೇಳ್ತಿದೆ."

ಆಮೇಲೆ ಲೋಟದ ಗುಂಡಿಗಳೂ ಲೆಕ್ಕಕ್ಕೆ ಸೇರಿದವು. ಅಂಕಿ ಮೇಲೇರಿತು, ಹೋದ ಗಿರಾಕಿಗಳು ಒಬ್ಬೊಬ್ಬರಾಗಿ ಬಂದರು.

ಪ್ರಾಜೆಕ್ಟು ಒಪ್ಪಿಸುವ ದಿನ ನಾನೂ ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಅವಳು ತನ್ನ ತಪ್ಪನ್ನೇ ಮೊದಲು ತೋರಿಸಿದಳು. ಕೆಟ್ಟಿತು ಎಂದುಕೊಂಡೆ.

"ಬರಿಗೈಯಲ್ಲಿ ಹೋದೋರನ್ನೂ ಎಣಿಸೋದನ್ನ ಯಾರ ಹತ್ರ ಕಲಿತ್ರಿ?" ಎಂದರು ಮೇಡಂ.

"ಅಣ್ಣನ ಹತ್ರ ಬೈಸ್ಕೊಂಡು."

ತರಗತಿಗೆ ತರಗತಿಯೇ ತಿರುಗಿ ನನ್ನನ್ನು ನೋಡಿತು. ಪಾಸು ಮಾಡಿದರು.

ಈಗ ಅವಳು ಔಷಧಿ ಉಗ್ರಾಣದಲ್ಲಿದ್ದಾಳೆ. ಮೊನ್ನೆ ಮನಸ್ಸು ಗಟ್ಟಿ ಮಾಡಿಕೊಂಡು ಹೇಳಿದೆ: "ಅವತ್ತು ಅಷ್ಟು ಕೂಗಾಡಿದ್ರೂ ನೀನು ಬಿಟ್ಟು ಹೋಗ್ಲಿಲ್ಲ. ಅಂಗಡಿ ಉಳಿದದ್ದು ನಿನ್ನಿಂದ ಕಣೇ."

"ಹೊರಟೇಬಿಟ್ಟಿದ್ದೆ ಅಣ್ಣ. ಚಪ್ಪಲಿ ಹಾಕ್ಕೊಳ್ವಾಗ ಒಬ್ಬಮ್ಮ ಬಂದು ಬ್ರೆಡ್ಡು ಇದೆಯಾ ಅಂದ್ರು. ಇಲ್ಲ ಅಂದೆ. ಅವರ ಹಿಂದೇನೇ ಇನ್ನೊಬ್ರು."

ಆ ಅಮ್ಮ ಯಾರೋ, ನನಗೆ ತಿಳಿಯದು. ನಮ್ಮ ಅಂಗಡಿಯಿಂದ ಬರಿಗೈಯಲ್ಲಿ ಹೋದರು. ಅವರ ಹೊಟ್ಟೆ ತಣ್ಣಗಿರಲಿ.