ರೊಟ್ಟಿಯ ವಿಡಿಯೋದಲ್ಲಿ ಆಡಿದ ಮಾತು

ನನ್ನ ಸೊಸೆ ಮರಾಠಿಯವಳು. ಅವಳಿಗೆ ಕನ್ನಡ ಬಾರದು, ನನಗೆ ಕಂಪ್ಯೂಟರ್ ಬಾರದು. ಪುಣೆಯ ಕೋಥರೂಡದ ಮನೆಯಲ್ಲಿ ಜೋಳದ ರೊಟ್ಟಿ ಮಾಡಿ ಮಾರುತ್ತಿದ್ದೆ. ಹತ್ತಿರದ ಹೋಟೆಲ್ಲಿಗೂ ಕೊಡುತ್ತಿದ್ದೆ. ಅದನ್ನು ನಡೆಸುವಾಕೆ ಉಡುಪಿ ಕಡೆಯವಳು. ರೊಟ್ಟಿ ಒಯ್ಯಲು ತಾನೇ ಬಂದು, ನನ್ನ ಬಾಗಿಲಲ್ಲಿ ಚಹಾ ಕುಡಿದು, ಮನಸ್ಸಿನೊಳಗಿನದನ್ನು ಹೇಳಿಕೊಂಡು ಹೋಗುತ್ತಿದ್ದಳು.

ಇಂಟರ್‌ನೆಟ್ಟಿಗೆ ವಿಡಿಯೋ ಹಾಕುವುದು ಆಗ ಹೊಸದು. ಹಾಕಿದರೆ ತನ್ನ ಮಗರಪಟ್ಟಾದ ಆಫೀಸಿನವರೂ ರೊಟ್ಟಿ ಕೇಳುತ್ತಾರೆ ಎಂದು ಸೊಸೆ ಒಂದು ಭಾನುವಾರ ಕ್ಯಾಮೆರಾ ಹಿಡಿದು ಅಡುಗೆಮನೆಗೆ ಬಂದಳು. ನಾನು ಕೊರಡಿನ ಹಾಗೆ ಕುಳಿತೆ.

"ಆಯಿ, ರೋಜಚ್ಯಾಸಾರಖಂ ಬೋಲಾ," ಎಂದಳು. ದಿನದ ಹಾಗೆ ಮಾತಾಡಬೇಕಂತೆ. ಪಕ್ಕದಲ್ಲಿ ತಂಗಿ ಹಿಟ್ಟು ನಾದುತ್ತಿದ್ದಳು. ಮಾತಾಡಿದೆವು.

"ಹೋಟೆಲ್ಲಿನ ಅಕ್ಕಾರು ಯಾಕ ಬಂದಿಲ್ಲ?" ತಂಗಿ ಕೇಳಿದಳು.

"ಹ್ಯಾಂಗ ಬರ್ತಾಳ? ಮಗಳು ಗಂಡನ್ನ ಬಿಟ್ಟು ಬಂದು ಮನ್ಯಾಗ ಕುಂತಾಳ. ಮಂದಿ ಮುಂದ ರಜಾಕ್ಕ ಬಂದಾಳಂತಾಳ. ನನಗೊಬ್ಬಾಕಿಗೇ ಖರೇ ಹೇಳ್ಯಾಳ."

"ಹೌದೇನಕ್ಕಾ? ಪಾಪ."

"ಏನ್ ಪಾಪ? ಅಳಿಯ ಕುಡುಕ. ಬಿಟ್ಟಿದ್ದ ಭಾಳ ಚಲೋ ಆತು."

ಸೊಸೆ ನಗುತ್ತ ತಲೆಯಾಡಿಸಿದಳು. ಹಿಟ್ಟಿನ ವಿಷಯ ಎಂದುಕೊಂಡಿರಬೇಕು. ಹಾಗೆಯೇ ಹಾಕಿಬಿಟ್ಟಳು.

ಫೋನುಗಳು ಬಂದವು. ನಾನು ಬೀಗಿದೆ. ಪುಣೆಯ ಕನ್ನಡದವರು "ನಮ್ಮ ಕಡೆಯ ಅಜ್ಜಿ" ಎಂದು ಒಬ್ಬರಿಗೊಬ್ಬರು ತೋರಿಸಿಕೊಂಡರು. ಕೊನೆಗೆ ಎದುರಿನ ಕಟ್ಟಡದ ಧಾರವಾಡದ ಹೆಂಗಸು ಮೆಟ್ಟಿಲ ಮೇಲೆ ನಿಲ್ಲಿಸಿ ಕೇಳಿದಳು: "ಅಜ್ಜಿ, ಗಂಡನ್ನ ಬಿಟ್ಟಾಕಿ ನಮ್ಮ ಈ ಹೋಟೆಲ್ಲಿನವ್ರ ಮಗಳೇನ್ರಿ? ಎಲ್ಲಾರೂ ಅದನ್ನೇ ಮಾತಾಡ್ಲಿಕ್ಕತ್ತಾರ."

ವಿಡಿಯೋದಲ್ಲಿ ಮಾತೂ ಕೇಳಿಸುತ್ತದೆ ಎಂದು ನನಗೆ ಗೊತ್ತಿತ್ತು. ಕೇಳಿದವರಿಗೆ ಅರ್ಥವಾಗುತ್ತದೆ ಎಂಬುದು ಹೊಳೆದಿರಲಿಲ್ಲ. ಈ ಊರಿಗೆ ಬಂದಾಗಿನಿಂದ ಬಸ್ಸಿನಲ್ಲಿ, ಅಂಗಡಿಯಲ್ಲಿ, ಎದುರು ನಿಂತವರನ್ನೇ ಕನ್ನಡದಲ್ಲಿ ಆಡಿಕೊಂಡು ರೂಢಿಯಾಗಿತ್ತು. ನಮ್ಮ ಭಾಷೆ ಎಂದರೆ ಬಾಗಿಲು ಹಾಕಿಕೊಂಡ ಕೋಣೆ ಎಂದೇ ನಾನು ತಿಳಿದಿದ್ದೆ.

ಸೊಸೆಗೆ ಮರಾಠಿಯಲ್ಲಿ ಎಲ್ಲ ಬಿಡಿಸಿ ಹೇಳಿದೆ. ಅವಳು ಬಾಯಿ ಮುಚ್ಚಿಕೊಂಡು ಅತ್ತು, ಆಗಲೇ ವಿಡಿಯೋ ತೆಗೆದಳು. ಅವಳದೇನು ತಪ್ಪು? ನಾಲಿಗೆ ನನ್ನದು.

ಮರುದಿನ ರೊಟ್ಟಿ ಬುಟ್ಟಿ ಹೊತ್ತು ನಾನೇ ಹೋಟೆಲ್ಲಿಗೆ ಹೋದೆ. ಮೊದಲಾದರೆ ಗಲ್ಲಾದಿಂದಲೇ "ಬನ್ನಿ ಮಾರಾಯ್ರೆ, ಕೂತ್ಕೊಳ್ಳಿ" ಎಂದು ಕೂಗುತ್ತಿದ್ದಳು. ಅಂದು ತಲೆ ಎತ್ತಲಿಲ್ಲ.

"ತಪ್ಪಾತ್ರಿ ಅಕ್ಕಾರ," ಎಂದೆ. "ಅದನ್ನ ತೆಗಿಸೀನ್ರಿ."

ಗಿರಾಕಿಯೊಬ್ಬನಿಗೆ ಚಿಲ್ಲರೆ ಕೊಟ್ಟಳು. ಆಮೇಲೆ ಅಡುಗೆಮನೆಯತ್ತ ಕೈ ತೋರಿಸಿದಳು.

"ತಿಕಡೆ ಠೇವಾ, ಆಜಿ."

ಅಲ್ಲಿಡಿ ಎಂದು, ಮರಾಠಿಯಲ್ಲಿ. ರಸ್ತೆಯ ಯಾವುದೋ ಮುದುಕಿಗೆ ಹೇಳುವ ಹಾಗೆ. ನಾನು ಕನ್ನಡದಲ್ಲಿ ಇನ್ನೂ ಏನೋ ಹೇಳಬೇಕೆಂದಿದ್ದೆ. "ಹೋ," ಆಗಲಿ ಎಂದು, ಮರಾಠಿಯಲ್ಲೇ ಅಂದು ಬುಟ್ಟಿ ಇಟ್ಟು ಬಂದೆ.